ಮತವು ಯಾರ ಜಹಗೀರು?

ಬೀದರ ಜಿಲ್ಲೆಯಲ್ಲಿ ಚುನಾವಣೆಯ ದಿನಗಳು ಹತ್ತಿರ ಬಂದವೆಂದರೆ ಒಂದು ವಿಚಿತ್ರವಾದ ಗಣಿತವು ಪ್ರಚಾರಕ್ಕೆ ಬರುವದು. ಬಸವಕಲ್ಯಾಣದಲ್ಲಿ ಲಿಂಗಾಯತರೆಷ್ಟು, ಮರಾಠರೆಷ್ಟು, ಮುಸಲ್ಮಾನರೆಷ್ಟು, ಪರಿಶಿಷ್ಟ ಜಾತಿಯವರೆಷ್ಟು. ಹುಮನಾಬಾದದಲ್ಲಿ ಯಾವ ಪಂಗಡವು ಯಾವ ಮನೆತನದ ಕೈಯೊಳಗಿದೆ, ಯಾವ ಹಳ್ಳಿಯು ಯಾವ ಮುಖಂಡನ ಮಾತು ಕೇಳುವದು, ಹೀಗೆ ಆ ಲೆಕ್ಕವು ಸಾಗುವದು. ಪಕ್ಷಗಳು ಉಮೇದುವಾರರನ್ನು ನಿಲ್ಲಿಸುವದು ಈ ಲೆಕ್ಕದ ಮೇಲೆ. ವೃತ್ತಪತ್ರಗಳು ಅಚ್ಚು ಹಾಕುವದು ಈ ಲೆಕ್ಕವನ್ನೇ. ಚಹದಂಗಡಿಯಲ್ಲಿ ಕುಳಿತವರು ಕೂಡಿಸಿ ಕಳೆದು ಫಲಿತಾಂಶವನ್ನು ಮುಂಗಡವಾಗಿ ಸಾರಿಬಿಡುವದೂ ಇದರ ಆಧಾರದಿಂದಲೇ. ಈ ಲೆಕ್ಕದೊಳಗೆ ಜಾತಿಯುಂಟು, ಭಾಷೆಯುಂಟು, ಮನೆತನವುಂಟು. ಮತದಾರನು ಮಾತ್ರ ಎಲ್ಲಿಯೂ ಕಾಣಬರುವದಿಲ್ಲ.

ಈ ಗಣಿತವು ನೀತಿಗೆ ಹೊರತಾದುದೆಂದು ಹೇಳುವವರು ಬಹಳ ಜನರಿದ್ದಾರೆ. ಅವರ ಮಾತು ಸರಿಯೇ. ಆದರೆ ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅದು ಲೆಕ್ಕವಾಗಿಯೂ ತಪ್ಪೆಂದು ಹೇಳಬಯಸುತ್ತೇವೆ. ವಕೀಲಿ ವೃತ್ತಿಯಲ್ಲಿರುವ ನಮಗೆ ಸಾಕ್ಷ್ಯವಿಲ್ಲದ ವಾದವು ರುಚಿಸುವದಿಲ್ಲ. ಆದ್ದರಿಂದ ಈ ಎರಡು ಊರುಗಳ ಮತದಾರರು ಇದುವರೆಗೆ ನಡೆದುಕೊಂಡ ರೀತಿಯನ್ನೇ ಓದುಗರ ಮುಂದಿಟ್ಟು, ಇವರು ಯಾರ ಸ್ವತ್ತೂ ಅಲ್ಲವೆಂಬುದನ್ನೂ, ಹೀಗಿದ್ದರೂ ಇವರನ್ನು ಸ್ವತ್ತಿನಂತೆ ಕಾಣುವದು ಯಾವ ಕಾರಣದಿಂದ ಸಾಧ್ಯವಾಗಿದೆಯೆಂಬುದನ್ನೂ ವಿಚಾರ ಮಾಡುವೆವು.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯೋಣ. ಚಾಲುಕ್ಯರ ರಾಜಧಾನಿಯಾಗಿ ಮೆರೆದ, ಬಸವಣ್ಣನವರ ಅನುಭವ ಮಂಟಪದಿಂದ ಲೋಕಕ್ಕೆ ಪರಿಚಿತವಾದ ಕಲ್ಯಾಣವು ನಿಜಾಮರ ಆಳಿಕೆಯಲ್ಲಿ ಒಬ್ಬ ನವಾಬನ ಜಹಗೀರಾಗಿತ್ತು. ಜಹಗೀರಿನ ಪ್ರಜೆಗೆ ಮತವಿರಲಿಲ್ಲ. ಅರ್ಜಿ ಮಾತ್ರ ಇತ್ತು. ತೆರಿಗೆ ಭಾರವಾದರೆ ಅರ್ಜಿ, ಕೆರೆ ಒಡೆದರೆ ಅರ್ಜಿ. ಕೊಡುವದು ಬಿಡುವದು ಧಣಿಗಳ ಚಿತ್ತ. ೧೯೩೮ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವಷ್ಟರಲ್ಲಿಯೇ ಅದರ ಮೇಲೆ ನಿಷೇಧವು ಬಿದ್ದಿತು. ೧೯೩೯ರಲ್ಲಿ ಸಾರಿದ ರಾಜ್ಯಸುಧಾರಣೆಗಳಾದರೂ ಪ್ರಜೆಯನ್ನು ಪ್ರಜೆಯೆಂದು ಎಣಿಸಲಿಲ್ಲ. ಜನರನ್ನು ವೃತ್ತಿಗಳ ಮೇಲೆ ವಿಂಗಡಿಸಿ, ಹಿಂದೂ ಮುಸಲ್ಮಾನರಿಗೆ ಸಮಸಂಖ್ಯೆಯ ಸ್ಥಾನಗಳನ್ನು ಗೊತ್ತುಮಾಡಿದವು. ಮನುಷ್ಯನನ್ನು ಅವನ ಪಂಗಡದ ಒಂದು ಅಂಶವೆಂದು ಮಾತ್ರ ಎಣಿಸುವ ಕ್ರಮವು ಈ ನೆಲಕ್ಕೆ ಹೊಸದಲ್ಲ. ಆದರೆ ಅದು ಅರಸೊತ್ತಿಗೆಯ ಕ್ರಮ; ಪ್ರಜಾರಾಜ್ಯದ ಕ್ರಮವಲ್ಲ.

ಆಮೇಲೆ ೧೯೪೮ನೆಯ ಇಸವಿಯು ಬಂದಿತು. ಆ ವರ್ಷದ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಝಾಕಾರರು ನಡೆಸಿದ ಕಗ್ಗೊಲೆಯನ್ನು ಈ ಭಾಗದ ಜನರು ಮರೆತಿಲ್ಲ; ಮರೆಯುವ ಮಾತೂ ಅಲ್ಲ. ಸಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಕೊನೆಗಂಡ ಮೇಲೆ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಸೇಡಿನ ಕೈ ಎದ್ದುದೂ ಅಷ್ಟೇ ಸತ್ಯವಾದ ಸಂಗತಿ. ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಎರಡೂ ಮನೆಗಳ ಗಾಯಗಳು ಹಸಿಯಾಗಿಯೇ ಇದ್ದವು. ೧೯೪೯ರ ಆಗಸ್ಟ್ ೧೫ರಂದು ಜಹಗೀರುಗಳು ರದ್ದಾದವು. ಅದಾದ ಮೂರು ವರುಷಗಳೊಳಗಾಗಿಯೇ, ೧೯೫೨ರಲ್ಲಿ, ಬೀದರದ ಜನರು ಮೊಟ್ಟಮೊದಲು ವಯಸ್ಕ ಮತಾಧಿಕಾರವನ್ನು ಚಲಾಯಿಸಿ ಲೋಕಸಭೆಗೆ ಯಾರನ್ನು ಆರಿಸಿ ಕಳುಹಿಸಿದರು? ಕಾಂಗ್ರೆಸ್ಸಿನ ಶೌಕತುಲ್ಲಾ ಶಾಹ ಅನ್ಸಾರಿಯವರನ್ನು! ನಾಲ್ಕು ವರುಷಗಳ ಹಿಂದೆ ನೆತ್ತರು ಹರಿದ ಜಿಲ್ಲೆಯಲ್ಲಿ ಪಂಗಡದ ಗಣಿತವೇ ನಿಜವಾಗಿದ್ದರೆ ಈ ಆಯ್ಕೆಯು ನಡೆಯುವದು ಶಕ್ಯವಿತ್ತೇ? ಓದು ಬರಹ ಬಾರದ ಆ ರೈತಾಪಿ ಜನರು ಅಂದು ತೋರಿಸಿದ ವಿವೇಕವನ್ನು ಇಂದಿನ ಲೆಕ್ಕಿಗರು ಒಮ್ಮೆಯಾದರೂ ನೆನೆಯಬೇಕು.

೧೯೫೬ರ ನವೆಂಬರ ೧ರಂದು ಹಳೆಯ ಬೀದರ ಜಿಲ್ಲೆಯು ಮೂರು ಹೋಳಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ಪ್ರಾಂತಕ್ಕೂ, ನಾರಾಯಣಖೇಡ ಮತ್ತು ಝಹೀರಾಬಾದದ ಬಹುಭಾಗವು ಆಂಧ್ರಕ್ಕೂ ಹೋದವು. ಉಳಿದುದು ಕನ್ನಡ ನಾಡಿಗೆ ಸೇರಿತು. ಗೆರೆ ಎಳೆಯುವವನು ಕಾಗದದ ಮೇಲೆ ಎಳೆಯುತ್ತಾನೆ. ಸಂತೆಯಲ್ಲಿ ಮಾತಾಡುವ ನಾಲಗೆಯ ಮೇಲೆ ಗೆರೆ ಬೀಳುವದಿಲ್ಲ. ಬಸವಕಲ್ಯಾಣದ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇಂದಿಗೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತವೆ. ಆದರೆ ರಾಜಕಾರಣಿಗಳಿಗೆ ಇದು ಬೇರೆಯಾಗಿ ಕಂಡಿತು. ೧೯೬೭ರಲ್ಲಿ ಮಹಾಜನ ಆಯೋಗವು ತನ್ನ ವರದಿಯನ್ನೊಪ್ಪಿಸಿದ ಮೇಲೂ ಗಡಿಯ ವಾದವು ತಣ್ಣಗಾಗಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರ ಸರಕಾರವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಇದರ ಪರಿಣಾಮವಾಗಿ ಗಡಿಯ ಮರಾಠಿ ಭಾಷಿಕನು ಹಾಕುವ ಪ್ರತಿಯೊಂದು ಮತವನ್ನೂ ಗಡಿಯ ಮೇಲಿನ ತೀರ್ಪೆಂದು ಓದುವ ಕೆಟ್ಟ ಚಾಳಿಯು ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಬೆಳೆದಿದೆ. ಅವನು ಕೇಳುವದು ತೊಗರಿಗೆ ಬೆಲೆ, ಕಬ್ಬಿನ ಬಾಕಿ, ಮಗಳಿಗೆ ಕಾಲೇಜು. ಅವನ ಬಾಯಲ್ಲಿ ಇವರು ಇಡುವ ಮಾತೇ ಬೇರೆ.

ಈ ಪೀಠಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ೨೦೨೧ರ ಬಸವಕಲ್ಯಾಣದ ಉಪಚುನಾವಣೆಯನ್ನು ನೋಡೋಣ. ೨೦೧೮ರಲ್ಲಿ ಕಾಂಗ್ರೆಸ್ಸಿನಿಂದ ಆರಿಸಿ ಬಂದಿದ್ದ ಶ್ರೀ ಬಿ. ನಾರಾಯಣರಾವ್ ಅವರು ೨೦೨೦ರ ಸಪ್ಟೆಂಬರದಲ್ಲಿ ಕೊರೋನಾ ಬೇನೆಗೆ ತುತ್ತಾದರು. ನವೆಂಬರದಲ್ಲಿ ರಾಜ್ಯ ಸರಕಾರವು ಮರಾಠಾ ಅಭಿವೃದ್ಧಿಗಾಗಿ ೫೦ ಕೋಟಿ ರೂಪಾಯಿಗಳ ಸಂಸ್ಥೆಯೊಂದನ್ನು ಸಾರಿತು. ಅದರ ಬೆನ್ನಿಗೇ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಘೋಷಣೆಯು ಹೊರಬಿದ್ದಿತು. ೨೦೨೧ರ ಜನವರಿ ೬ರಂದು ಬಸವಕಲ್ಯಾಣದಲ್ಲಿ ೫೦೦ ಕೋಟಿ ರೂಪಾಯಿಗಳ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. ಚುನಾವಣೆಯ ನೀತಿ ಸಂಹಿತೆಯು ಆಗ ಇನ್ನೂ ಜಾರಿಗೆ ಬಂದಿರಲಿಲ್ಲವಾದ್ದರಿಂದ ಕಾಯಿದೆಯ ದೃಷ್ಟಿಯಿಂದ ಇದರಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ಮಂಟಪವು ಏಳಬೇಕೆಂಬುದು ನಮ್ಮ ಇಚ್ಛೆಯೂ ಹೌದು. ಬಡ ಮರಾಠನ ಮಗನು ಓದಬೇಕೆಂಬುದೂ ನಮ್ಮ ಇಚ್ಛೆಯೇ. ಆದರೆ ಸಮಯವು ಮಾತಾಡುವದನ್ನು ಯಾರೂ ತಡೆಯಲಾರರು.

ಇದಕ್ಕೆ ನಮ್ಮವರಾದ ಕನ್ನಡ ಸಂಘಟನೆಗಳು ಕೊಟ್ಟ ಉತ್ತರವಾದರೂ ಮೆಚ್ಚುವಂಥದಾಗಿರಲಿಲ್ಲ. ೨೦೨೦ರ ಡಿಸೆಂಬರ ೫ರಂದು ರಾಜ್ಯ ಬಂದಿಗೆ ಕರೆ ಕೊಡಲಾಯಿತು. ಸರಕಾರವು ಮತಕ್ಕಾಗಿ ಹಣ ಚೆಲ್ಲುತ್ತಿದೆಯೆಂಬುದಷ್ಟೇ ಆಕ್ಷೇಪವಾಗಿದ್ದರೆ ನಾವೂ ಕೈ ಎತ್ತುತ್ತಿದ್ದೆವು. ಆದರೆ ಬೀದಿಯ ಕೂಗಿನಲ್ಲಿ ಮರಾಠನೆಂದರೆ ಹೊರಗಿನವನೆಂಬ ಧ್ವನಿಯು ಬೆರೆಯಿತು. ನಾಲ್ಕು ತಲೆಮಾರುಗಳಿಂದ ಈ ನೆಲವನ್ನು ಉತ್ತು, ಈ ಕಚೇರಿಗೆ ಕಂದಾಯ ಕೊಟ್ಟು, ಬಸವ ಜಯಂತಿಯಲ್ಲಿ ಹೆಗಲು ಕೊಡುವವನು ಹೊರಗಿನವನಾದರೆ ಒಳಗಿನವನು ಯಾರು? ಕನ್ನಡ ನಾಡಿನ ಏಕೀಕರಣವೆಂದರೆ ನೆಲವನ್ನು ಕೂಡಿಸಿ ಜನರನ್ನು ಅಗಲಿಸುವದಲ್ಲ. ಗಡಿಯ ಮರಾಠಿ ಭಾಷಿಕನು ಕನ್ನಡ ನಾಡಿನ ಪೂರ್ಣ ಪ್ರಜೆಯೆಂದು ಮನಸಾರೆ ಒಪ್ಪದವರು ಗಡಿಯನ್ನು ಕಾಯುತ್ತಿಲ್ಲ, ಅದನ್ನು ಸಡಿಲಿಸುತ್ತಿದ್ದಾರೆ.

ಎಪ್ರಿಲ ೧೭ರಂದು ಮತದಾನವಾಯಿತು. ಭಾರತೀಯ ಜನತಾ ಪಕ್ಷದ ಶ್ರೀ ಶರಣು ಸಲಗರ ಅವರು, ದಿವಂಗತ ಶಾಸಕರ ಪತ್ನಿಯವರಾದ ಕಾಂಗ್ರೆಸ್ಸಿನ ಶ್ರೀಮತಿ ಮಾಲಾ ನಾರಾಯಣರಾವ್ ಅವರನ್ನು ೨೦ ಸಾವಿರಕ್ಕೂ ಮಿಕ್ಕ ಮತಗಳಿಂದ ಹಿಂದೆ ಹಾಕಿದರು. ಕೂಡಲೆ ಲೆಕ್ಕಿಗರು, ‘ನೋಡಿದಿರಾ, ನಿಗಮಗಳು ಫಲ ಕೊಟ್ಟವು’ ಎಂದು ಬೀಗಿದರು.

ಆದರೆ ಅದೇ ದಿನ, ಅದೇ ಸರಕಾರದ ಕೆಳಗೆ, ಇದೇ ಕಲ್ಯಾಣ ಕರ್ನಾಟಕದ ಮಸ್ಕಿಯಲ್ಲಿಯೂ ಉಪಚುನಾವಣೆಯು ನಡೆದಿತ್ತು. ಅಲ್ಲಿ ೨೦೧೮ರಲ್ಲಿ ಕಾಂಗ್ರೆಸ್ಸಿನ ಶ್ರೀ ಪ್ರತಾಪಗೌಡ ಪಾಟೀಲರು ಭಾ. ಜ. ಪಕ್ಷದ ಶ್ರೀ ಬಸನಗೌಡ ತುರವಿಹಾಳರನ್ನು ಕೇವಲ ೨೧೩ ಮತಗಳಿಂದ ಸೋಲಿಸಿದ್ದರು. ೨೦೨೧ಕ್ಕೆ ಇಬ್ಬರೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಎದುರುಬದುರಾದರು. ಸರಕಾರದ ಬಲವೆಲ್ಲ ಪಾಟೀಲರ ಕಡೆಗಿತ್ತು. ಊರೂರಿನ ರೈತರು ನಾರಾಯಣಪುರ ಬಲದಂಡೆಯ ೫ಎ ಕಾಲುವೆಯ ನೀರನ್ನು ಕೇಳುತ್ತಿದ್ದರು. ತುರವಿಹಾಳರು ೩೦ ಸಾವಿರಕ್ಕೂ ಮಿಕ್ಕ ಮತಗಳಿಂದ ಗೆದ್ದರು. ಉಮೇದುವಾರರು ಅವರೇ, ಜಾತಿಗಳ ಸಂಖ್ಯೆಯೂ ಅದೇ. ಫಲಿತಾಂಶ ಮಾತ್ರ ತಿರುವುಮುರುವು. ಇದಕ್ಕೆ ಪಂಗಡದ ಗಣಿತದಲ್ಲಿ ಸೂತ್ರವೆಲ್ಲಿದೆ?

ಬಸವಕಲ್ಯಾಣದ ದಫ್ತರವನ್ನೇ ತೆರೆದು ನೋಡೋಣ. ೨೦೦೮ರಲ್ಲಿ ಭಾ. ಜ. ಪಕ್ಷ, ೨೦೧೩ರಲ್ಲಿ ಜಾತ್ಯತೀತ ಜನತಾ ದಳ, ೨೦೧೮ರಲ್ಲಿ ಕಾಂಗ್ರೆಸ್ಸು, ೨೦೨೧ರಲ್ಲಿಯೂ ೨೦೨೩ರಲ್ಲಿಯೂ ಮತ್ತೆ ಭಾ. ಜ. ಪಕ್ಷ. ಹುಮನಾಬಾದದಲ್ಲಿ ೧೯೯೪ರಲ್ಲಿ ಜನತಾ ದಳದ ಮೆರಾಜುದ್ದೀನ ಪಟೇಲರು, ೧೯೯೯ರಲ್ಲಿ ಭಾ. ಜ. ಪಕ್ಷದ ಸುಭಾಷ ಕಲ್ಲೂರರು, ೨೦೦೮ರಿಂದ ಮೂರು ಸಲ ಎಡೆಬಿಡದೆ ಕಾಂಗ್ರೆಸ್ಸಿನ ರಾಜಶೇಖರ ಪಾಟೀಲರು. ೨೦೨೩ರಲ್ಲಿ ಭಾ. ಜ. ಪಕ್ಷದ ಸಿದ್ದು ಪಾಟೀಲರು ಸುಮಾರು ೧,೬೦೦ ಮತಗಳ ಅಂತರದಿಂದ ಆ ಸರಪಣಿಯನ್ನು ಕಡಿದರು. ಆ ಅಂತರದ ಹಲವು ಪಟ್ಟು ಮತಗಳು ಮೂರನೆಯ ಪಕ್ಷದ ಪಾಲಿಗೆ ಹೋದವು. ಇಡೀ ರಾಜ್ಯವು ೧೩೫ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಆ ವರ್ಷ ಬೀದರ ಜಿಲ್ಲೆಯು ತನ್ನ ಆರರಲ್ಲಿ ನಾಲ್ಕನ್ನು ಭಾ. ಜ. ಪಕ್ಷಕ್ಕೆ ಕೊಟ್ಟಿತು. ಒಂದು ವರ್ಷ ಕಳೆಯುವಷ್ಟರಲ್ಲಿ, ೨೦೨೪ರ ಲೋಕಸಭಾ ಚುನಾವಣೆಯಲ್ಲಿ, ಕೇಂದ್ರದ ಮಂತ್ರಿಗಳಾಗಿದ್ದ ಶ್ರೀ ಭಗವಂತ ಖೂಬಾರನ್ನು ಬೀದರ ಕ್ಷೇತ್ರವು ಲಕ್ಷಕ್ಕೂ ಮಿಕ್ಕ ಮತಗಳಿಂದ ಸೋಲಿಸಿ, ಕಾಂಗ್ರೆಸ್ಸಿನ ತರುಣ ಶ್ರೀ ಸಾಗರ ಖಂಡ್ರೆಯವರನ್ನು ಆರಿಸಿತು. ಒಂದು ವರ್ಷದಲ್ಲಿ ಜಿಲ್ಲೆಯ ಜಾತಿಗಳು ಬದಲಾದವೇ? ಇಲ್ಲ. ಮತದಾರನು ವಿಚಾರ ಮಾಡಿದನು.

‘ಉಮೇದುವಾರರೆಲ್ಲರೂ ದೊಡ್ಡ ಪಂಗಡಗಳವರೇ ಆಗಿರುವಾಗ ಜಾತಿಯು ನಡೆಯುವದಿಲ್ಲವೆಂದು ಹೇಗೆ ಹೇಳುವಿರಿ?’ ಎಂದು ಓದುಗರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಜಾತಿಯು ನಡೆಯುವದಿಲ್ಲವೆಂದು ನಾವೆಂದೂ ಹೇಳೆವು. ಅದು ನಡೆಯುವ ಸ್ಥಳವು ಮತಗಟ್ಟೆಯಲ್ಲ, ಪಕ್ಷದ ಕಚೇರಿ ಎಂಬುದೇ ನಮ್ಮ ವಾದ. ಟಿಕೇಟು ಹಂಚುವವರು ಮೊದಲೇ ಎರಡು ಮೂರು ಮನೆತನಗಳ ಹೆಸರುಗಳನ್ನು ಸೋಸಿ ಮುಂದಿಡುತ್ತಾರೆ. ಹುಮನಾಬಾದದಲ್ಲಿ ಒಂದೇ ಮನೆಯ ಮೂವರು ಸೋದರರು ಏಕಕಾಲಕ್ಕೆ ವಿಧಾನಸಭೆ, ವಿಧಾನಪರಿಷತ್ತುಗಳಲ್ಲಿ ಕುಳಿತುದನ್ನು ನಾಡು ಕಂಡಿದೆ. ೨೦೨೩ರಲ್ಲಿ ಬಸವಕಲ್ಯಾಣಕ್ಕೆ ಕಾಂಗ್ರೆಸ್ಸು ನಿಲ್ಲಿಸಿದ್ದು ಮಾಜಿ ಮುಖ್ಯಮಂತ್ರಿಗಳ ಪುತ್ರರನ್ನು. ಇವರಲ್ಲಿ ಯೋಗ್ಯರಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ತಟ್ಟೆಯಲ್ಲಿ ಎರಡೇ ಪದಾರ್ಥಗಳನ್ನಿಟ್ಟು, ಉಣ್ಣುವವನಿಗೆ ಇದೇ ಇಷ್ಟವೆಂದು ಹೇಳುವದು ನ್ಯಾಯವಲ್ಲ. ಇದ್ದ ಎರಡರಲ್ಲಿಯೂ ಅವನು ಸಲಸಲಕ್ಕೂ ಬದಲಿಸಿ ನೋಡುತ್ತಿದ್ದಾನೆ. ಅವನ ಅತೃಪ್ತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಇಷ್ಟು ಸ್ವತಂತ್ರ ಬುದ್ಧಿಯುಳ್ಳ ಮತದಾರನನ್ನು ಜಹಗೀರಿನ ಪ್ರಜೆಯಂತೆ ನಡೆಸಿಕೊಳ್ಳಲು ಸಾಧ್ಯವಾದುದು ಹೇಗೆ? ನಮ್ಮ ಉತ್ತರವು ಇಷ್ಟೇ: ಅವನಿಗೆ ಮತವು ಬಂದಿತು, ಅರ್ಜಿಯು ಹೋಗಲಿಲ್ಲ. ಹಳ್ಳಿಗೆ ರಸ್ತೆ ಬೇಕಾದರೆ ಶಾಸಕರಿಗೆ ಅರ್ಜಿ, ವಿಧವಾ ವೇತನ ನಿಂತರೆ ಶಾಸಕರ ಮನೆಯ ಬಾಗಿಲು, ಶಾಲೆಗೆ ಮಾಸ್ತರರು ಬಾರದಿದ್ದರೆ ಶಾಸಕರ ಆಪ್ತರ ಕೈಕಾಲು. ಐದು ವರ್ಷಕ್ಕೊಂದು ದಿನ ಅರಸನು, ಉಳಿದ ದಿನವೆಲ್ಲ ಅರ್ಜಿದಾರನು.

ಇದು ಹೀಗೆಯೇ ಇರಬೇಕೆಂದು ವಿಧಿ ಬರೆದುದಲ್ಲ. ಅಬ್ದುಲ್ ನಝೀರಸಾಬರ ಪ್ರಯತ್ನದಿಂದ ೧೯೮೭ರಲ್ಲಿ ಈ ರಾಜ್ಯದಲ್ಲಿ ಜಿಲ್ಲಾ ಪರಿಷತ್ತುಗಳು ಚುನಾವಣೆಯಿಂದ ಏರ್ಪಟ್ಟವು. ಇಡೀ ದೇಶವು ಕರ್ನಾಟಕದ ಕಡೆಗೆ ನೋಡಿತು. ೧೯೯೩ರಲ್ಲಿ ರಾಜ್ಯಘಟನೆಯ ೭೩ನೆಯ ತಿದ್ದುಪಡಿಯು ಅದನ್ನು ದೇಶದ ಕಾಯಿದೆಯನ್ನಾಗಿ ಮಾಡಿತು. ಪಂಚಾಯತಿಯ ಆಯುಷ್ಯವು ಐದು ವರ್ಷ, ಅದು ತೀರುವ ಮುಂಚೆಯೇ ಹೊಸ ಚುನಾವಣೆಯು ಮುಗಿದಿರಬೇಕು ಎಂದು ೨೪೩ಇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಡೆದುದೇನು? ೨೦೧೬ರಲ್ಲಿ ಚುನಾಯಿತವಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿಯು ೨೦೨೧ರಲ್ಲಿ ತೀರಿತು, ಸೀಮಾನಿರ್ಣಯ, ಮೀಸಲಾತಿ, ವ್ಯಾಜ್ಯವೆಂದು ವರ್ಷಗಳು ಉರುಳಿದವು, ಚುನಾವಣೆಯು ಬರಲಿಲ್ಲ. ಒಂದು ಪಕ್ಷದ ಸರಕಾರವು ಹೋಗಿ ಇನ್ನೊಂದು ಬಂದಿತು. ವಿಳಂಬಕ್ಕೆ ಮಾತ್ರ ಪಕ್ಷಭೇದವಿರಲಿಲ್ಲ. ಹುಲಸೂರು, ಚಿಟಗುಪ್ಪಗಳು ೨೦೧೮ರಲ್ಲಿ ತಾಲೂಕುಗಳಾದವು, ಫಲಕಗಳು ಏರಿದವು. ಆದರೆ ಜನರು ಆರಿಸಿದ ತಾಲೂಕು ಪಂಚಾಯತಿಯಿಲ್ಲದ ತಾಲೂಕು ಎಂದರೆ ಗದ್ದುಗೆಯುಂಟು, ಶರಣರಿಲ್ಲ ಎಂದಂತೆಯೇ ಸರಿ.

ಇದರೊಡನೆ ಹಣದ ಸಂಗತಿಯನ್ನೂ ಕೂಡಿಸಿ ನೋಡಬೇಕು. ೨೦೦೨ರ ನಂಜುಂಡಪ್ಪ ಸಮಿತಿಯು ರಾಜ್ಯದ ೩೯ ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ೨೧ ಕಲಬುರಗಿ ವಿಭಾಗದಲ್ಲಿಯೇ ಇವೆಯೆಂದು ತೋರಿಸಿತು. ಬಹುಕಾಲದ ಹೋರಾಟದ ಫಲವಾಗಿ ೩೭೧ಜೆ ಕಲಮು ರಾಜ್ಯಘಟನೆಯೊಳಗೆ ಸೇರಿತು. ೨೦೧೩ರಿಂದ ಪ್ರತ್ಯೇಕ ಮಂಡಳಿಯೊಂದು ಈ ಭಾಗದ ಅಭಿವೃದ್ಧಿಗಾಗಿ ಏರ್ಪಟ್ಟಿತು. ೨೦೧೯ರಲ್ಲಿ ಹೈದರಾಬಾದ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದ ದಿನ ನಾವೂ ಹಿಗ್ಗಿದೆವು. ಆದರೆ ಹಣವು ಬೆಳೆದಂತೆ ಅದನ್ನು ಹಂಚುವ ಕೈಗಳು ಕಡಿಮೆಯಾದವು. ತಾಲೂಕಿನಲ್ಲಿ ಜನರ ಪ್ರತಿನಿಧಿ ಸಭೆಯೇ ಇಲ್ಲದಿರುವಾಗ, ಯಾವ ಊರಿಗೆ ಸೇತುವೆ, ಯಾವ ಊರಿಗೆ ಸಮುದಾಯ ಭವನವೆಂದು ಕೇಳುವವರಾರು, ಹೇಳುವವರಾರು? ಸೇತುವೆಯು ಎಲ್ಲರಿಗೂ ಬೇಕು. ಸಮುದಾಯ ಭವನವು ಒಂದು ಪಂಗಡಕ್ಕೆ ಸಲ್ಲುವದು. ಪಂಗಡದ ಲೆಕ್ಕದಿಂದ ಗೆದ್ದವನು ಯಾವುದನ್ನು ಮೊದಲು ಕಟ್ಟಿಸುವನೆಂಬುದನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಕಾಯಿದೆಯ ಮಾತನ್ನೂ ಹೇಳಿಬಿಡುವೆವು. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೩ನೆಯ ಕಲಮು ಧರ್ಮ, ಜಾತಿ, ಪಂಗಡ, ಭಾಷೆಗಳ ಹೆಸರಿನಿಂದ ಮತ ಕೇಳುವದನ್ನು ಭ್ರಷ್ಟಾಚಾರವೆಂದು ಎಣಿಸುತ್ತದೆ. ೨೦೧೭ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ಜನ ನ್ಯಾಯಮೂರ್ತಿಗಳ ಪೀಠವು, ಉಮೇದುವಾರನ ಜಾತಿ ಧರ್ಮಗಳಷ್ಟೇ ಅಲ್ಲ, ಮತದಾರನ ಜಾತಿ ಧರ್ಮಗಳ ಹೆಸರೆತ್ತಿ ಕೇಳುವದೂ ಇದರೊಳಗೆ ಬರುವದೆಂದು ಬಹುಮತದಿಂದ ತೀರ್ಪಿತ್ತಿತು. ಕಾಯಿದೆಯು ಹೀಗೆ ಖಚಿತವಾಗಿದ್ದರೂ ರಾತ್ರಿಯ ಜಾತಿಸಭೆಗಳು ನಿಂತಿಲ್ಲ. ಕಾರಣ, ಬಾಗಿಲು ಮುಚ್ಚಿ ಆಡಿದ ಮಾತಿಗೆ ಸಾಕ್ಷಿ ಹೇಳುವವರಿಲ್ಲ. ಕಾಯಿದೆಯು ಬೇಲಿ, ಕಾಯುವವನು ಪ್ರಜೆಯೇ.

ನಮ್ಮ ನುಡಿಯಲ್ಲಿ ಮತವೆಂಬ ಒಂದೇ ಶಬ್ದವು ಪಂಥಕ್ಕೂ ಸಲ್ಲುವದು, ವಿಚಾರಕ್ಕೂ ಸಲ್ಲುವದು, ಚುನಾವಣೆಯ ಚೀಟಿಗೂ ಸಲ್ಲುವದು. ಪಂಥವು ಹುಟ್ಟಿನಿಂದ ಬರುವದು. ಚೀಟಿಯು ಬರಬೇಕಾದುದು ವಿಚಾರದಿಂದ. ಹುಮನಾಬಾದದ ನೆರೆಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ೧೯ನೆಯ ಶತಮಾನದಲ್ಲಿಯೇ ಸಕಲಮತವೆಂಬ ಮಾರ್ಗವನ್ನು ಸಾರಿ ಎಲ್ಲ ಪಂಥಗಳವರನ್ನೂ ಒಂದೆಡೆ ಕೂಡಿಸಿದರು. ಕಲ್ಯಾಣದಲ್ಲಂತೂ ಹರಳಯ್ಯ, ಮಧುವರಸರು ಜಾತಿಯ ಗೋಡೆಯನ್ನು ದಾಟಿ ಮಕ್ಕಳ ಮದುವೆ ಮಾಡಿದ್ದಕ್ಕಾಗಿ ಪ್ರಾಣವನ್ನೇ ತೆತ್ತರು. ಅಂಥ ಊರಿನಲ್ಲಿ ನಿಂತು ಜಾತಿಯ ಪಟ್ಟಿಯನ್ನು ಹಿಡಿದು ಮತ ಕೇಳುವವರು, ಅದೇ ಕೈಯಿಂದ ಮಂಟಪಕ್ಕೆ ಹೂ ಏರಿಸುವದು ಯಾವ ಭಕ್ತಿ?

ಆದ್ದರಿಂದ ಬಸವಕಲ್ಯಾಣ, ಹುಮನಾಬಾದಗಳ ಮತದಾರ ಬಂಧುಗಳಲ್ಲಿ ನಮ್ಮ ವಿನಂತಿಯಿದು. ಮೊದಲನೆಯದಾಗಿ, ಮನೆಬಾಗಿಲಿಗೆ ಬಂದವನು ಯಾವ ಪಕ್ಷದವನೇ ಇರಲಿ, ನಿಮ್ಮ ಊರಿಗೆ ಬಂದ ಹಣದ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿರಿ. ಜಾತಿಯ ಮಾತೆತ್ತಿದರೆ ಅದು ಕಾಯಿದೆಗೆ ವಿರುದ್ಧವೆಂದು ನಾಲ್ಕು ಜನರ ಎದುರಿಗೆ ಹೇಳಿರಿ. ಎರಡನೆಯದಾಗಿ, ಗ್ರಾಮಸಭೆಯು ಕೂಡಿದಾಗ ತಪ್ಪದೆ ಹೋಗಿರಿ. ಕೂಡದಿದ್ದರೆ ಕೂಡಿಸಿರೆಂದು ಹಟ ಹಿಡಿಯಿರಿ. ಮೂರನೆಯದಾಗಿ, ತಾಲೂಕು ಜಿಲ್ಲಾ ಪಂಚಾಯತಿಗಳ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುವೆನೆಂದು ಮಾತು ಕೊಡದ ಪಕ್ಷಕ್ಕೆ ಮತವಿಲ್ಲವೆಂದು ಮೊದಲೇ ಸಾರಿರಿ. ನಾಲ್ಕನೆಯದಾಗಿ, ಚುನಾವಣೆಯ ಹಿಂದಿನ ರಾತ್ರಿ ಬರುವ ನೋಟು ಸೀರೆಗಳನ್ನು ಹಿಂದಕ್ಕೆ ಕಳುಹಿಸಿರಿ. ಅಡಿಕೆಗೆ ಹೋದ ಮಾನವು ಆನೆ ಕೊಟ್ಟರೂ ಬಾರದೆಂಬ ಗಾದೆಯು ಮತಕ್ಕೆ ಸಲ್ಲುವಷ್ಟು ಬೇರೆ ಯಾವುದಕ್ಕೂ ಸಲ್ಲುವದಿಲ್ಲ.

ಕನ್ನಡದ ಅಭಿಮಾನಿಗಳಲ್ಲಿಯೂ ಒಂದು ಮಾತು. ಗಡಿಯ ಊರುಗಳಲ್ಲಿ ಈ ವಿಚಾರವನ್ನು ಕನ್ನಡದಲ್ಲಿ ಹೇಳಿ ಸುಮ್ಮನಾಗಬೇಡಿರಿ. ನೆರೆಮನೆಯವನಿಗೆ ಮರಾಠಿಯಲ್ಲಿ ಹೇಳಿರಿ, ಉರ್ದುವಿನಲ್ಲಿ ಹೇಳಿರಿ. ತನ್ನ ರಸ್ತೆ, ತನ್ನ ಶಾಲೆ, ತನ್ನ ಪಂಚಾಯತಿಗಳ ಮೇಲೆ ತನಗೆ ಅಧಿಕಾರವುಂಟೆಂದು ಈ ನಾಡಿನಲ್ಲಿ ಕಂಡುಕೊಂಡ ಪ್ರಜೆಯು, ಅವನ ಮನೆಮಾತು ಯಾವುದೇ ಇರಲಿ, ಈ ನಾಡನ್ನು ತನ್ನದೆಂದು ಬಗೆಯುವನು. ೧೯೪೯ರಲ್ಲಿ ನೆಲದ ಜಹಗೀರು ಹೋಯಿತು. ಮತದ ಜಹಗೀರು ಸರಕಾರದ ಹುಕುಮಿನಿಂದ ಹೋಗುವಂಥದಲ್ಲ. ಅದನ್ನು ರದ್ದು ಮಾಡುವ ಅಧಿಕಾರವು ಮತದಾರನ ಬೆರಳಿನಲ್ಲಿಯೇ ಇದೆ. ಮುಂದಿನ ಚುನಾವಣೆಯಲ್ಲಿ ಆ ಅಧಿಕಾರವನ್ನು ಅವನು ಚಲಾಯಿಸಲಿ.